ಬೇಡ ಎನ್ನುವ ನೌಕರಿ

ಮುಂಬಯಿಯಲ್ಲಿ ‘ಬೇಡ’ ಎಂಬ ಮಾತು ಬಾಳುವುದಿಲ್ಲ. ಲೋಕಲ್ ರೈಲಿನಲ್ಲಿ ಮೂವರು ಕೂರುವ ಸೀಟಿನ ಅಂಚಿಗೆ ನಾಲ್ಕನೆಯವನು ಬಂದು ‘ಥೋಡಾ ಸರಕೋ’ ಎಂದರೆ ಮೂವರೂ ಗೊಣಗುತ್ತಲೇ ಸರಿಯುತ್ತಾರೆ. ಆತ ಅರ್ಧ ಮೈಯನ್ನು ಸೀಟಿಗೂ ಉಳಿದರ್ಧವನ್ನು ದೇವರಿಗೂ ಒಪ್ಪಿಸಿ ಕೂತುಬಿಡುತ್ತಾನೆ. ಇಂಥ ಊರಿನಲ್ಲಿ ‘ಬೇಡ’ ಎನ್ನುವುದಕ್ಕಾಗಿಯೇ ಸಂಬಳ ಪಡೆಯುತ್ತಿದ್ದವನು ನಾನು. ನನ್ನ ಹೆಂಡತಿ ಶಾಂತಾಳಿಗೆ ಇದು ಇವತ್ತಿಗೂ ನಂಬಿಕೆಯಾಗಿಲ್ಲ. ‘ಆಫೀಸಿನ್ಯಾಗ ಬ್ಯಾಡ ಅಂತೀರಂತ. ಮನ್ಯಾಗ ಒಂದ್ ದಿನಾನೂ ಕೇಳಿಲ್ಲ ನೋಡ್ರಿ,’ ಎನ್ನುತ್ತಾಳೆ. ಕೇಳುವುದು ಹೇಗೆ? ಕಾಂದಿವಲಿಯ ನಮ್ಮ ಅಡುಗೆಮನೆಗೆ ಎಣ್ಣೆಯಿಲ್ಲದೆ ಕರಿಯುವ ಯಂತ್ರವೊಂದು ಬಂದ ದಿನ ನಾನು ಬಾಯಿ ತೆರೆಯುವಷ್ಟರಲ್ಲಿ, ಮಿಕ್ಸರ್ ತನ್ನ ಜಾಗ ಬಿಟ್ಟುಕೊಟ್ಟು ಮಲಗುವ ಕೋಣೆಗೆ ಬಂದಾಗಿತ್ತು. ಈಗ ಬೆಳಿಗ್ಗೆ ಚಟ್ನಿ ರುಬ್ಬುವ ಸದ್ದಿಗೇ ನನಗೆ ಎಚ್ಚರ.

ಪವಾಯಿಯಲ್ಲಿರುವ ನಮ್ಮ ಸಣ್ಣ ಕಂಪನಿ ಮಾಡುವುದು ಒಂದೇ ವಸ್ತು: ಕೋಡ್ ಎಡಿಟರ್. ಶಾಲೆಯ ಮಕ್ಕಳಿಗೆ ಪಾಟಿ ಇದ್ದಂತೆ, ಪ್ರೋಗ್ರಾಮ್ ಬರೆಯುವವರಿಗೆ ಇದು. ನಾನೂ ಉಡುಪಿ ಕಡೆಯ ಸದಾನಂದನೂ ಸೇರಿ ಅದನ್ನು ಮೊದಲು ಬರೆದಾಗ ಕಂಪನಿಗೆ ಒಂದೇ ಕೋಣೆ ಇತ್ತು. ಎಡಿಟರಿಗೂ ಒಂದೇ ಗುಣವಿತ್ತು: ಕರೆದ ತಕ್ಷಣ ತೆರೆದುಕೊಂಡು, ಬರೆದದ್ದನ್ನು ತೋರಿಸಿ, ಬಾಯಿ ಮುಚ್ಚಿಕೊಂಡು ಇರುತ್ತಿತ್ತು. ಇಂಥ ಗುಣ ಮನುಷ್ಯರಲ್ಲೇ ಅಪರೂಪವಾದ್ದರಿಂದ ಜನ ಅದನ್ನು ಮೆಚ್ಚಿದರು. ಮೆಚ್ಚಿದ ಮೇಲೆ ಸುಮ್ಮನಿರಲಿಲ್ಲ. ಇದಕ್ಕೊಂದು ಕ್ಯಾಲೆಂಡರ್ ಇರಲಿ, ಹಾಡು ಬರಲಿ, ಹಿಂದೆ ಮೋಡ ಚಲಿಸಲಿ ಎಂದು ಬರೆಯತೊಡಗಿದರು. ಅಷ್ಟಕ್ಕೂ ‘ಬೇಡ’ ಎಂದು ನಯವಾಗಿ ಉತ್ತರಿಸುವುದು ನನ್ನ ಕೆಲಸ. ಆಫೀಸಿನ ಹುಡುಗರು ನನ್ನ ಬೆನ್ನ ಹಿಂದೆ ‘ನಹೀಂಜೀ’ ಎನ್ನುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಸದಾನಂದನ ಮನೆಯೂ ಕಾಂದಿವಲಿಯಲ್ಲೇ. ಸಂಜೆ ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತೇವೆ. ಕೆಲವು ತಿಂಗಳಿಂದ ಬಸ್ಸು ಬಂದಾಗೆಲ್ಲ ಅವನು ‘ಯಾವ ನಂಬರ್ ಮಾರಾಯ?’ ಎಂದು ನನ್ನನ್ನೇ ಕೇಳುತ್ತಿದ್ದ. ಸೋಮಾರಿತನ ಎಂದು ಗೇಲಿ ಮಾಡಿದ್ದೆ. ಒಂದು ಸಂಜೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಕಿಟಕಿಯ ಕಡೆ ಮುಖ ಮಾಡಿ ಹೇಳಿದ: ‘ಗ್ಲಾಕೋಮಾ ಅಂತೆ. ಹೋದ ದೃಷ್ಟಿ ಬರೂದಿಲ್ಲ, ಉಳಿದದ್ದಕ್ಕೆ ಡ್ರಾಪ್ಸ್ ಬಿಡಿ ಅಂದ್ರು ಡಾಕ್ಟ್ರು. ನಮ್ಮ ಎಡಿಟರ್, ನಾನಿರುವ ಸಾಲನ್ನು ಓದಿ ಹೇಳುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಬೇರೆ ಓದುವ ಸಾಫ್ಟ್‌ವೇರ್ ಉಂಟು. ಅದು ಪರದೆಯಲ್ಲಿದ್ದದ್ದನ್ನೆಲ್ಲ ಒದರ್ತದೆ. ನಂಗೆ ಒಂದು ಸಾಲು ಸಾಕು.’

‘ಆತು ತಗೋ, ಮಾಡೋಣ,’ ಎಂದೆ. ಆ ನೌಕರಿಯಲ್ಲಿ ನಾನು ಹೌದು ಎಂದದ್ದು ಅದೇ ಮೊದಲು.

‘ನನ್ನ ಹೆಸ್ರು ಹೇಳ್ಬೇಡ. ಕಣ್ಣಿಲ್ಲದವನನ್ನು ಯಾರು ಇಟ್ಕೊಳ್ತಾರೆ?’

ಹೀಗಾಗಿ ಕಾರಣ ಹೇಳದೆ ಬೇಡಿಕೆ ಇಡುವ ಗತಿ ನನಗೆ ಬಂತು. ಮೀಟಿಂಗಿನಲ್ಲಿ ನಾನು ‘ಸಾಲು ಓದುವ ಸೌಲಭ್ಯವೊಂದು ಬೇಕು’ ಎಂದಾಗ ಎಲ್ಲರೂ ನನ್ನ ಮುಖವನ್ನೇ ನೋಡಿದರು. ನಮ್ಮ ಮ್ಯಾನೇಜರ್ ನೇಹಾ, ನನ್ನ ಮಗಳ ವಯಸ್ಸಿನವಳು, ‘ಸರ್, ತುಮ್ಹೀ ಪಣ್?’ ಎಂದು ಮರಾಠಿಯಲ್ಲಿ ಉದ್ಗರಿಸಿದಳು. ನೀವೂನಾ ಎಂದು. ಉಪವಾಸದ ಸ್ವಾಮಿಗಳು ಮಿಸಳ್ ಪಾವ್ ತಿನ್ನುವುದನ್ನು ಕಂಡವರ ದನಿ ಅದು. ಆಮೇಲೆ ತಡೆಯುವವರು ಯಾರು? ಸರ್ ಅವರದು ಆಗುವುದಾದರೆ ನನ್ನದೇಕೆ ಬೇಡ ಎಂದು ಒಬ್ಬ, ಬರೆಯುತ್ತಲೇ ಗೆಳೆಯರೊಡನೆ ಚಾಟ್ ಮಾಡುವ ಹರಟೆಪೆಟ್ಟಿಗೆ ತಂದ. ಪ್ರೋಗ್ರಾಮ್ ತಪ್ಪಿಲ್ಲದೆ ಓಡಿದರೆ ಪರದೆಯ ಮೇಲೆ ಬಣ್ಣದ ಚೂರು ಉದುರಿ ಅಭಿನಂದನೆ ಹೇಳುವ ವ್ಯವಸ್ಥೆ ಇನ್ನೊಬ್ಬನದು. ನಾವು ಮುಂದೆ ಏನು ಬರೆಯುತ್ತೇವೆಂದು ತಾನೇ ಊಹಿಸಿ ಬರೆದುಕೊಡುವ ಎಐ ಸಹಾಯಕ ನೇಹಾಳದು. ನನ್ನದೊಂದು ಪಾಸಾಗಲೆಂದು ಎಲ್ಲಕ್ಕೂ ತಲೆ ಆಡಿಸಿದೆ. ಎಡಿಟರ್ ತೆರೆದುಕೊಳ್ಳುವಷ್ಟರಲ್ಲಿ ಕಟಿಂಗ್ ಚಹಾ ಕುಡಿದು ಬರಬಹುದು ಎಂಬಂತಾಯಿತು.

ಸದಾನಂದ ಮೊದಲ ವಾರ ಖುಷಿಯಾಗಿದ್ದ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾಡು ಕೇಳುವವನಂತೆ ನಟಿಸುತ್ತ ಕೆಲಸ ಮಾಡುತ್ತಿದ್ದ. ಆಮೇಲೆ ಬಸ್‌ಸ್ಟಾಪಿನಲ್ಲಿ ಅವನ ಮಾತು ಕಡಿಮೆಯಾಯಿತು. ಒಂದು ದಿನ ಕೆದಕಿದ್ದಕ್ಕೆ, ‘ಎಲ್ಲವೂ ಮಾತಾಡ್ತದೆ ಮಾರಾಯ. ಸಾಲಿನ ನಡುವೆ ಹರಟೆ, ಹರಟೆಯ ನಡುವೆ ಅಭಿನಂದನೆ. ನಾನು ಬರೆದದ್ದು ಯಾವುದು, ಅದು ಊಹೆ ಮಾಡಿದ್ದು ಯಾವುದು, ಗೊತ್ತೇ ಆಗೂದಿಲ್ಲ,’ ಎಂದ. ಸರಿಮಾಡಿಸುತ್ತೇನೆ ಎಂದೆ. ಆದರೆ ಎಲ್ಲಕ್ಕೂ ಹೌದೆಂದು ಕೂತಿದ್ದವನ ‘ಬೇಡ’ಕ್ಕೆ ಆಫೀಸಿನಲ್ಲಿ ಕಿಮ್ಮತ್ತು ಉಳಿದಿರಲಿಲ್ಲ. ‘ನೋಡೋಣ ಸರ್, ಮುಂದಿನ ಆವೃತ್ತಿಯಲ್ಲಿ,’ ಎಂದಳು ನೇಹಾ. ಅದು ನಾನೇ ಗಿರಾಕಿಗಳಿಗೆ ಬರೆಯುತ್ತಿದ್ದ ಉತ್ತರ.

ಮುಂದಿನ ಆವೃತ್ತಿ ಬಂತು, ಮಾನ ತೆಗೆಯಿತು. ಬರೆದದ್ದನ್ನು ಉಳಿಸದೆಯೇ ಎಡಿಟರ್ ಮುಚ್ಚಿಕೊಳ್ಳುತ್ತಿತ್ತು. ಯಾರ್ಯಾರದೋ ದಿನದ ದುಡಿಮೆ ಗಾಳಿಗೆ ಹೋಯಿತು. ಬೈಗುಳ ಎಲ್ಲ ಭಾಷೆಗಳಲ್ಲೂ ಬಂತು. ಹುಡುಕಿದಾಗ ತಪ್ಪು ಸಿಕ್ಕಿದ್ದು ಸದಾನಂದ ಸೇರಿಸಿದ್ದ ಒಂದು ಸಾಲಿನಲ್ಲಿ. ಎಲ್ಲರೆದುರು ನೇಹಾ ಕೇಳಿದಳು: ಇಷ್ಟು ಅನುಭವವಿದ್ದೂ ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಅವಳು ಕೆಟ್ಟದ್ದನ್ನು ಉದ್ದೇಶಿಸಿ ಕೇಳಿದ್ದಲ್ಲ. ನಾನು ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಸದಾನಂದನೇ ಎದ್ದು, ಇಷ್ಟು ದಿನ ನನಗೊಬ್ಬನಿಗೆ ಕನ್ನಡದಲ್ಲಿ ಹೇಳಿದ್ದನ್ನು ಎಲ್ಲರಿಗೂ ಹಿಂದಿಯಲ್ಲಿ ಹೇಳಿದ: ‘ಮುಝೇ ದಿಖ್ತಾ ನಹೀಂ ಹೈ.’ ನನಗೆ ಕಣ್ಣು ಕಾಣುವುದಿಲ್ಲ ಎಂದು. ತನ್ನ ಸಾಲೆಂದುಕೊಂಡು ಎಐ ಸಹಾಯಕನ ಊಹೆಗೆ ಎಂಟರ್ ಒತ್ತಿದ್ದೆ ಎಂದೂ ಹೇಳಿ ಕೂತ.

ನೇಹಾ ಅವನ ಇಯರ್‌ಫೋನ್ ತೆಗೆಸಿ, ಕಂಪ್ಯೂಟರಿನ ದನಿ ಕೋಣೆಗೆಲ್ಲ ಕೇಳುವಂತೆ ಮಾಡಿ, ಕೆಲಸ ಮಾಡಿ ತೋರಿಸಲು ಹೇಳಿದಳು. ದಾದರ್ ಸ್ಟೇಷನ್ನಿನಲ್ಲಿ ನಾಲ್ಕು ಪ್ಲಾಟ್‌ಫಾರ್ಮಿನ ಘೋಷಣೆ ಒಟ್ಟಿಗೇ ಆದಂತಿತ್ತು. ಆ ಗದ್ದಲದ ನಡುವೆ ಸದಾನಂದ ತಲೆ ಓರೆ ಮಾಡಿ, ತನ್ನ ಒಂದು ಸಾಲು ಎಲ್ಲಿದೆ ಎಂದು ಹುಡುಕುತ್ತಿದ್ದ. ‘ಬಂದ್ ಕರೋ,’ ಎಂದಳು ನೇಹಾ. ‘ಪೆಹಲೇ ಮೇರಾ ನಿಕಾಲೋ.’ ಮೊದಲು ಅವಳದನ್ನೇ ತೆಗೆದೆವು. ಬೇಕೆಂದವರು ಬೇರೆಯಾಗಿ ಹಾಕಿಕೊಳ್ಳಲಿ ಎಂದು ಉಳಿದವನ್ನೂ ಒಂದೊಂದಾಗಿ ಹೊರಗಿಟ್ಟೆವು. ಎಡಿಟರ್ ಮತ್ತೆ ಕರೆದ ತಕ್ಷಣ ತೆರೆದುಕೊಂಡು ಸುಮ್ಮನಿರತೊಡಗಿತು. ಕೇಳಿದರೆ ಮಾತ್ರ ಒಂದು ಸಾಲು ಓದುತ್ತಿತ್ತು.

ಕಥೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಆದರೆ ಸದಾನಂದನ ಬಲಗಣ್ಣು ಮಳೆಗಾಲ ಮುಗಿಯುವುದರೊಳಗೆ ಪೂರ್ತಿ ಹೋಯಿತು. ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಲೋಕ ಉಳಿದಿದೆ. ನೌಕರಿ ಹೋಗಲಿಲ್ಲ. ಅಷ್ಟೇ ಅಲ್ಲ, ಹೊಸ ಬೇಡಿಕೆಗಳನ್ನು ತೂಗಿ ನೋಡುವ ನನ್ನ ಕೆಲಸವನ್ನು ಕಂಪನಿ ಅವನಿಗೇ ವಹಿಸಿತು. ನನ್ನನ್ನು ತಪ್ಪು ತಿದ್ದುವ ವಿಭಾಗದಲ್ಲಿ, ಇಪ್ಪತ್ತರ ಹುಡುಗರ ಸಾಲಿನಲ್ಲಿ ಕೂರಿಸಿದರು. ನನಗೆ ಅವನ ಮೇಲೆ ಅಸೂಯೆಯಿಲ್ಲ ಎಂದು ಶಾಂತಾಳಿಗೆ ಹೇಳಿದ್ದೇನೆ. ಅವಳು ಇದನ್ನೂ ನಂಬಿಲ್ಲ.

ಈಚೆಗೆ ನನಗೊಂದು ತೊಂದರೆ. ನಡುವೆ ಎದ್ದು ಹೋಗಿ ಬಂದರೆ, ಎಲ್ಲಿ ಏನು ಬರೆಯುತ್ತಿದ್ದೆ ಎಂಬುದೇ ಮರೆತುಹೋಗುತ್ತದೆ. ಬಿಟ್ಟ ಜಾಗವನ್ನೂ ಮಾಡುತ್ತಿದ್ದ ಕೆಲಸವನ್ನೂ ಎಡಿಟರೇ ನೆನಪಿಸಿದರೆ ಹೇಗೆ? ನಾಚಿಕೆಯಿಂದಲೇ ಸದಾನಂದನ ಬಳಿ ಹೋಗಿ ಹೇಳಿದೆ. ಅವನು ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡ. ನನ್ನ ಕೈ ಹುಡುಕಿ ಹಿಡಿದುಕೊಂಡ.

‘ಬೇಡ ಮಾರಾಯ,’ ಎಂದ. ‘ನಿಂಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗ್ತದೆ.’

ಎಷ್ಟು ಚೆನ್ನಾಗಿ ಹೇಳಿದ! ಅಷ್ಟು ವರ್ಷ ಆ ಕುರ್ಚಿಯಲ್ಲಿದ್ದೂ ನನಗೆ ಆ ದನಿ ಬಂದಿರಲಿಲ್ಲ. ವಾಪಸು ಬಂದು ನನ್ನ ಜಾಗದಲ್ಲಿ ಕೂತೆ. ಏನು ಬರೆಯುತ್ತಿದ್ದೆ ಎಂಬುದು ನೆನಪಾಗಲಿಲ್ಲ.