ಅತ್ತೆ ಫೋಟೋದಲ್ಲಿ ಬರೋದಿಲ್ಲ

ಗಡಿಯಾರದ ಅಳಿಯ ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದುದರಿಂದ ಅತ್ತೆಮನೆಯಲ್ಲಿ ಅವನಿಗೆ ಆ ಹೆಸರು. ಬ್ಯಾಂಕಿನಲ್ಲಿದ್ದ ಹಿರಿಯ ಷಡ್ಡಕ ಬ್ಯಾಂಕಿನ ಅಳಿಯ.

ಹೆಣ್ಣುಮಕ್ಕಳು, ಮೊಮ್ಮಕ್ಕಳೆಲ್ಲ ಅಪರೂಪಕ್ಕೆ ಒಂದೆಡೆ ಸೇರಿದ್ದರು. ಒಂದು ಫೋಟೋ ಆಗಲಿ ಎಂದು ಸ್ಟುಡಿಯೋದವನಿಗೆ ಹೇಳಿಕಳಿಸಬೇಕೆನ್ನುವಷ್ಟರಲ್ಲಿ ಅತ್ತೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಅವನು ಬಂದ್ರೆ ನಾನು ಹೊರಟೆ.”

ಎಂಬತ್ತು ದಾಟಿದ ಆ ಹೆಂಗಸು ಯಾವ ಕ್ಯಾಮೆರಾಕ್ಕೂ ಮುಖ ಕೊಟ್ಟವರಲ್ಲ. ಮನೆಯ ಆಲ್ಬಮ್ಮಿನಲ್ಲಿ ಅವರದು ಎಂದು ಇದ್ದದ್ದು ಒಂದು ಮೊಣಕೈ, ಒಂದು ಬೆನ್ನು.

“ಅಮ್ಮನ ಒಂದು ಮುಖಾನೂ ಇಲ್ಲವಲ್ಲ ನಮ್ಮ ಹತ್ರ” ಎಂದು ಹಿರಿಯ ಮಗಳು ಮೂಗೊರೆಸಿಕೊಂಡಳು.

“ನಾನು ತೆಗೀತೀನಿ ಬಿಡಿ” ಎಂದುಬಿಟ್ಟ ಗಡಿಯಾರದ ಅಳಿಯ.

“ಹೋದ ಸಲ ಇವರು ತೆಗೆದ ಫೋಟೋದಲ್ಲಿ ಯಾರಿಗೂ ತಲೇನೇ ಇರಲಿಲ್ಲ. ಬಟ್ಟೆ ನೋಡಿ ಗುರುತು ಹಿಡಿದ್ವಿ” ಎಂದ ಬ್ಯಾಂಕಿನ ಅಳಿಯ.

ಆದರೆ ಅತ್ತೆ ಕೈಚೀಲ ಕೆಳಗಿಟ್ಟರು. “ಅಳಿಯಂದ್ರು ತೆಗೆದ್ರೆ ತೆಗೀಲಿ. ನಾನು ಪಕ್ಕದಲ್ಲಿ ಬೆಂಚಿನ ಮೇಲೆ ಬಟಾಣಿ ಸುಲೀತಾ ಕೂತಿರ್ತೀನಿ. ನಾನು ಮಾತ್ರ ಬರಕೂಡದು.”

ಸ್ನಾನ ಮುಗಿಸಿ ಗಡಿಯಾರದ ಅಳಿಯ ಹಿತ್ತಲಿಗೆ ಬರುವಷ್ಟರಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಅವನದು ಹಳೆಯ ಕಾಲದ ರೀಲಿನ ಕ್ಯಾಮೆರಾ. ಚಿತ್ರ ಬೀಳುವುದು ಲೆನ್ಸಿನಿಂದ, ನೋಡುವುದು ಮೂಲೆಯಲ್ಲಿರುವ ಪುಟ್ಟ ಕಿಂಡಿಯಿಂದ. ಕಿಂಡಿಯೊಳಗೆ ಬಿಳಿ ಗೆರೆಯ ಚೌಕಟ್ಟೊಂದಿರುತ್ತದೆ. ಅದರೊಳಗೆ ಬಂದದ್ದೆಲ್ಲ ಫೋಟೋ. ನಡುವೆ ಎರಡೆರಡಾಗಿ ಕಾಣುವ ಆಕೃತಿಯನ್ನು ಲೆನ್ಸಿನ ಬಳೆ ತಿರುಗಿಸಿ ಒಂದು ಮಾಡಿದರೆ ಚಿತ್ರ ಸ್ಪಷ್ಟ.

ಇದೆಲ್ಲ ಕಣ್ಣು ನೆಟ್ಟಗಿದ್ದವರ ಮಾತು. ಅವನ ಮೂಗಿನ ಮೇಲಿದ್ದದ್ದು ಸೋಡಾಬುಡ್ಡಿ. ಕಣ್ಣು ಕಿಂಡಿಗೆ ತಾಗುವ ಮೊದಲೇ ಗಾಜು ಟಕ್ಕೆಂದು ತಾಗಿತು. ಗೆರೆ ಯಾವ ಕಡೆಯೂ ಕಾಣಲಿಲ್ಲ. ಬೀಗದ ತೂತಿನಲ್ಲಿ ಇಣುಕಿದಂತೆ ನಟ್ಟನಡುವೆ ಬ್ಯಾಂಕಿನ ಅಳಿಯನ ಹೊಟ್ಟೆ, ಅದರ ಆಚೆ ಈಚೆ ಒಂದೊಂದು ಭುಜ.

“ಕನ್ನಡಕ ತೆಗೆದು ನೋಡ್ರೀ” ಎಂದಿತು ಹೊಟ್ಟೆ.

ತೆಗೆದ. ಗೆರೆ ಮಸುಕು ಮಸುಕಾಗಿ ಕಂಡಿತು, ಆದರೆ ನಡುವಿನದೆಲ್ಲ ಹೊಗೆಯಾಯಿತು. ಬ್ಯಾಂಕಿನ ಅಳಿಯ ಇಬ್ಬರಾದ. ಎಷ್ಟು ತಿರುಗಿಸಿದರೂ ಒಬ್ಬನಾಗಲೊಲ್ಲ. ಒಬ್ಬ ಷಡ್ಡಕನನ್ನು ಸಹಿಸುವುದೇ ಕಷ್ಟವಾಗಿತ್ತು, ಇಬ್ಬರೂ ಸಲಹೆ ಕೊಡತೊಡಗಿದರೆ ಹೇಗೆ? ಮತ್ತೆ ಕನ್ನಡಕ ಏರಿಸಿದ.

“ಅಳಿಯಂದ್ರೇ, ನಾನು ಬರ್ತೀನಾ?” ಬೆಂಚಿನಿಂದ ಅತ್ತೆ ಕೇಳಿದರು.

“ಇಲ್ಲ ಅತ್ತೆ, ನೀವು ಬರೋದಿಲ್ಲ.”

ಸುಳ್ಳೇನಲ್ಲ. ಅತ್ತೆಯಿರಲಿ, ಅತ್ತೆಮನೆಯ ಅರ್ಧ ಜನ ಅವನಿಗೆ ಕಾಣುತ್ತಿರಲಿಲ್ಲ. ಉಳಿದ ದಾರಿ ಹಿಂದಕ್ಕೆ ಹೋಗುವುದೊಂದೇ.

ಕಿಂಡಿಗೆ ಕಣ್ಣಿಟ್ಟುಕೊಂಡೇ ಹಿಂದೆ ಸರಿದ. ಹೂಕುಂಡ ಉರುಳಿತು. ಬೇಲಿಯ ಗೇಟು ತಾನಾಗಿ ತೆರೆದುಕೊಂಡಿತು. ಪಕ್ಕದ ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು ಬಂದು, ಲಾರಿಗೆ ದಾರಿ ತೋರಿಸುವವನಂತೆ ಕೈಬೀಸಿದ: “ಬನ್ನಿ, ಬನ್ನಿ, ಇನ್ನೂ ಜಾಗ ಇದೆ, ಎಡಕ್ಕೆ, ಹಾಂ, ಸೀದಾ ಬನ್ನಿ.”

“ರೀ, ಹಿಂದೆ ನೋಡ್ರೀ” ಎಂದು ಹೆಂಡತಿ ಕೂಗುವ ಹೊತ್ತಿಗೆ ದರ್ಜಿಯ ಹೆಂಡತಿ ಒಣಹಾಕಿದ್ದ ಒದ್ದೆ ದುಪ್ಪಟಿ ಅವನ ತಲೆಯ ಮೇಲಿತ್ತು. ಮರುಕ್ಷಣ ಬಟ್ಟೆ ನೆನೆಹಾಕಿದ್ದ ಟಬ್ಬಿನಲ್ಲಿ ಅವನು ಕುಳಿತಿದ್ದ. ಕ್ಯಾಮೆರಾ ಒದ್ದೆಯಾಗದಿರಲೆಂದು ಮುಖಕ್ಕೇ ಒತ್ತಿ ಹಿಡಿದಿದ್ದ. ಆಚೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆರಳು ತಾನಾಗಿ ಅದುಮಿತು. ರೀಲಿನಲ್ಲಿ ತೆಗೆಯಲು ಉಳಿದಿದ್ದದ್ದು ಅದೊಂದೇ ಫೋಟೋ.

ಬಟ್ಟೆ ಬದಲಿಸಿ, ಸತ್ತವನ ಮುಖ ಹೊತ್ತು, ರೀಲನ್ನು ಸ್ಟುಡಿಯೋಕ್ಕೆ ಕೊಟ್ಟು ಬಂದ.

ಸಂಜೆ ಸ್ಟುಡಿಯೋದವನೇ ಮನೆಗೆ ಬಂದ. ತಟ್ಟೆಯಗಲದ ಪ್ರಿಂಟನ್ನು ಮೇಜಿನ ಮೇಲಿಟ್ಟು, “ಇದನ್ನ ನಮ್ಮ ಶೋಕೇಸಲ್ಲಿ ಇಡ್ಲಾ?” ಎಂದ.

ಯಾರೂ ಸೆಟೆದು ನಿಂತಿರಲಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಎಡತುದಿಯಲ್ಲಿ, ಮಡಿಲಲ್ಲಿ ಬಟಾಣಿಯ ಬೋಗುಣಿ ಇಟ್ಟುಕೊಂಡು, ಬೊಚ್ಚುಬಾಯಿ ಅಗಲಕ್ಕೆ ತೆರೆದು, ನೇರವಾಗಿ ನೋಡುತ್ತ ನಗುತ್ತಿದ್ದವರು ಅತ್ತೆ. ಅವನಿಗೆ ಕಾಣದ್ದನ್ನೆಲ್ಲ ಕ್ಯಾಮೆರಾ ಕಂಡಿತ್ತು.

ಹಿರಿಯ ಮಗಳು ಆ ಮುಖದ ಮೇಲೆ ಬೆರಳಾಡಿಸುತ್ತ ನಿಂತಳು. ಬ್ಯಾಂಕಿನ ಅಳಿಯ ಎದ್ದು ಬಂದು ಕೈಕುಲುಕಿದ. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

ಗಡಿಯಾರದ ಅಳಿಯನ ಎದೆ ಉಬ್ಬಿತು. ಅದರ ಜೊತೆ ಬಾಯಿಯೂ ತೆರೆಯಿತು. “ಬರೋದಿಲ್ಲ ಅಂತ ಬೇಕಂತಲೇ ಹೇಳಿದ್ದು. ಚೌಕಟ್ಟಿನ ಅಂಚನ್ನೆಲ್ಲ ನಾನು ಮೊದಲೇ ಅಂದಾಜು ಮಾಡಿದ್ದೆ.”

“ಟಬ್ಬಲ್ಲಿ ಬಿದ್ದದ್ದು?” ಎಂದ ಬ್ಯಾಂಕಿನ ಅಳಿಯ.

“ಅದೂ ಅಷ್ಟೇ. ನಗಿಸ್ಬೇಕಿತ್ತಲ್ಲ.”

ಹೆಂಡತಿ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಕರೆ ಬಂತು. “ಅಳಿಯಂದ್ರೇ, ಸ್ವಲ್ಪ ಬನ್ನಿ. ಕ್ಯಾಮೆರಾನೂ ತನ್ನಿ.”

ಬೈಗುಳಕ್ಕೆ ಸಿದ್ಧನಾಗಿ ಹೋದ. ಅತ್ತೆ ಬಾಗಿಲು ಮುಂದೆ ಮಾಡಿದರು.

“ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಹಿತ್ತಲಲ್ಲಿ ನಿಂತು ಇದರ ಕಿಂಡೀಲಿ ನೋಡಿದ್ದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಎಲ್ಲ ನಿಚ್ಚಳ. ಬೆಂಚು ಗೆರೆಯಿಂದ ಆಚೆ ಇತ್ತು, ಒಳಗೆ ಎಳೆದಿಟ್ಟೆ.”

ಗಡಿಯಾರದ ಅಳಿಯ ಕನ್ನಡಕ ಸರಿಮಾಡಿಕೊಂಡ. “ಮತ್ತೆ... ಬರಕೂಡದು ಅಂದ್ರಲ್ಲ ಅತ್ತೆ?”

“ಯಾರಾದ್ರೂ ನನ್ನ ನೋಡ್ತಿದ್ದಾರೆ ಅಂದ್ರೆ ನನ್ನ ಮುಖ ಬಿಗಿದುಹೋಗುತ್ತೆ. ಮಕ್ಕಳಿಗೆ ಒಂದು ಮುಖ ಬಿಟ್ಟು ಹೋಗ್ಬೇಕು ಅಂತ ನನಗೂ ಆಸೆ ಇಲ್ವಾ? ನಿಮ್ಮ ಹತ್ರ ಆದ್ರೆ ನಾಚಿಕೆ ಇಲ್ಲ. ನಿಮಗೆ ಏನೂ ಕಾಣ್ಸೋದಿಲ್ಲವಲ್ಲ.”

ಅವನು ತಲೆ ತಗ್ಗಿಸಿದ.

“ಹೆದರ್ಬೇಡಿ, ಹೊರಗೆ ಹೇಳೋದಿಲ್ಲ. ಹೆಸರು ನಿಮಗೇ ಇರಲಿ.” ಅತ್ತೆ ಕೈಚಾಚಿದರು. “ಕ್ಯಾಮೆರಾ ನನಗಿರಲಿ.”

ಹಜಾರದಲ್ಲಿ ಬ್ಯಾಂಕಿನ ಅಳಿಯ ಕೂಗುತ್ತಿದ್ದ. “ಎಲ್ರೀ ನಮ್ಮ ಫೋಟೋಗ್ರಾಫರು? ಇನ್ನೊಂದು ತೆಗೀಲಿ, ಎಲ್ಲರೂ ಕಾಯ್ತಿದ್ದಾರೆ.” ಚಪ್ಪಾಳೆ ಬಿತ್ತು.

ಗಡಿಯಾರದ ಅಳಿಯ ಸ್ಟುಡಿಯೋದಲ್ಲಿ ಆಗಲೇ ಹೊಸ ರೀಲು ಹಾಕಿಸಿ ತಂದಿದ್ದ. ಅತ್ತೆ ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಕಿಂಡಿಯನ್ನು ಇನ್ನೊಂದಕ್ಕೆ ಏರಿಸಿದರು.

“ಒಂದು ಹೆಜ್ಜೆ ಹಿಂದೆ ಹೋಗಿ, ಅಳಿಯಂದ್ರೇ. ಇನ್ನೂ ಸ್ವಲ್ಪ. ಹಾಂ, ಈಗ ಪೂರ್ತಿ ಬಂದ್ರಿ.”