ಬಾದಾಮಿ ಕ್ಯಾಂಪಿಗೆ ಒಯ್ದ ಬುತ್ತಿ

ಗಂಡು ಹುಡುಗರಲ್ಲಿ ಮುಂದಾಳತನ, ಧೈರ್ಯ, ಬಯಲಿನಲ್ಲಿ ಬದುಕುವ ಜಾಣ್ಮೆ ಬೆಳೆಯಲು ಸ್ಕೌಟ್ಸ್‌ನಂಥದ್ದು ಇನ್ನೊಂದಿಲ್ಲ ಎಂದು ಇಳಕಲ್ಲಿನ ನಮ್ಮ ಓಣಿಗೆಲ್ಲ ಉಪದೇಶ ಮಾಡಿ, ಮಗ ಸತೀಶನನ್ನು ಬಾದಾಮಿಯ ಕ್ಯಾಂಪಿಗೆ ಕಳಿಸಿದವಳು ನಾನೇ. ಎಂಬತ್ತರ ದಶಕದ ಮಾತು. ಕಾನ್ವೆಂಟಿನಲ್ಲಿ ನಾನೂ ಗೈಡ್ ಆಗಿದ್ದವಳು. ಇಷ್ಟು ತಿಳಿದವಳಿಗೆ ಅಳು ಬರಬಾರದು. ಆದರೆ ನಾಲ್ಕನೆಯ ದಿನ ಅವನ ಹಾಸಿಗೆ ಕೊಡವುವಾಗ ದಿಂಬಿನಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ದಿಂಬನ್ನು ಅಲ್ಲೇ ಇಟ್ಟು, ಎಣಗಾಯಿಗೆ ಬದನೆಕಾಯಿ ಸೀಳತೊಡಗಿದೆ.

"ಅಡಿಗಿ ಹುಡುಗ್ರ ಮಾಡ್ಕೊಂಡು ಉಣಬೇಕಂತ ಮಾಸ್ತರು ಹೇಳ್ಯಾರಲ್ಲ," ಎಂದರು ನಮ್ಮ ಯಜಮಾನರು.

"ನಾ ಬರೇ ನೋಡಿ ಬರ್ತೇನ್ರಿ."

"ನೋಡಾಕ ಎಣಗಾಯಿ ಯಾಕ?"

"ಒಂದು ತುತ್ತು ನನ್ನ ಕೈಲೆ ಉಣಿಸಿದ್ರ ಸಾಕ್ರಿ. ಜೀವಕ್ಕ ಸಮಾಧಾನ."

ತನ್ನ ಮಗನೊಬ್ಬನಿಗೇ ಬುತ್ತಿ ಒಯ್ಯುವುದು ನಮ್ಮ ಕಡೆ ನಾಚಿಕೆಗೇಡು. ಅವನ ಜೊತೆಯ ಹುಡುಗರಿಗೆಲ್ಲ ಆಗುವಷ್ಟು ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಗಂಟು ಕಟ್ಟಿ ಬಸ್ಸು ಹತ್ತಿದೆ.

ಬಾದಾಮಿಯಲ್ಲಿ ಕ್ಯಾಂಪಿನ ಹತ್ತಿರದ ಕೆರೆಯ ದಂಡೆಗೆ ಕಾಲು ತೊಳೆಯಲು ಇಳಿದೆ. ಅಲ್ಲಿಯ ಮಂಗಗಳ ಕೀರ್ತಿ ನನಗೆ ಗೊತ್ತಿತ್ತು. ಆದ್ದರಿಂದಲೇ ಮುಂಜಾಗ್ರತೆಯ ಕ್ರಮವಾಗಿ ಬುತ್ತಿಯನ್ನು ಹಗ್ಗದಿಂದ ಎತ್ತರದ ಬೇವಿನ ಟೊಂಗೆಗೆ, ಕಾನ್ವೆಂಟಿನಲ್ಲಿ ಕಲಿತ ಗಂಟು ಹಾಕಿ, ತೂಗುಬಿಟ್ಟೆ. ಮಂಗನಿಂದ ಕಾಪಾಡಲು ಗಿಡದ ಮೇಲೆ!

ಒಂದು ಮಂಗ ಹಗ್ಗದ ತುದಿ ಹಿಡಿದು ಒಮ್ಮೆ ಜಗ್ಗಿತು. ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಕೆಳಗೆ ಬಿದ್ದ ಬುತ್ತಿಯ ಹಿಂದೆ ಮಂಗವೂ ಇಳಿಯಿತು. ಎತ್ತಿಕೊಂಡು ಬಂಡೆ ಏರಿತು. ಸೆರಗು ಸಿಕ್ಕಿಸಿ ನಾನೂ ಏರಿದೆ. ಅದು ತಲುಪಬೇಕಾದಲ್ಲಿ ತಲುಪಿ ರೊಟ್ಟಿ ಮುರಿಯತೊಡಗಿತು. ನಾನು ನಡುವೆ ನಿಂತು ಕೆಳಗೆ ನೋಡಿದೆ. ಬಂಡೆಯನ್ನು ಅವುಚಿಕೊಂಡೆ. ಕೂಗಿದೆ.

ಸೀಟಿಯ ಸದ್ದು ಕೇಳಿಸಿತು. ಖಾಕಿ ಚಡ್ಡಿಯ ಹುಡುಗರು ಓಡಿ ಬಂದರು. ಎಲ್ಲರಿಗಿಂತ ಮುಂದೆ ಸತೀಶ.

"ಅವ್ವಾ?" ಎಂದವನೇ ಹುಡುಗರ ಕಡೆ ತಿರುಗಿದ. "ಹಗ್ಗ ತರ್ರಿ. ಯಾರೂ ನಗಬ್ಯಾಡ್ರಿ."

ಬೆಕ್ಕಿನ ಹಾಗೆ ಮೇಲೆ ಬಂದು ನನ್ನ ನಡುವಿಗೆ ಹಗ್ಗ ಬಿಗಿದ. "ಕೆಳಗ ನೋಡಬ್ಯಾಡ ಅವ್ವ. ನನ್ನ ಮಾರಿ ನೋಡು."

ಅದನ್ನು ನೋಡಲೆಂದೇ ಬಂದಿದ್ದೆ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಕೂದಲು ಒಣಗಿ ನಿಂತಿತ್ತು. ಇಳಿದದ್ದೇ ತಿಳಿಯಲಿಲ್ಲ. ಇನ್ನಷ್ಟು ಎತ್ತರ ಹತ್ತಬೇಕಿತ್ತು ಎನಿಸಿತು.

"ಎಂಥಾ ಗಂಟು ಹಾಕಿದ್ದಿ?" ಎಂದು ಕೇಳಿದ. ತೋರಿಸಿದೆ. "ಅದು ಲಗೂನ ಬಿಚ್ಚೂ ಗಂಟವ್ವ," ಎಂದ, ಹುಡುಗರಿಗೆ ಕೇಳಿಸದಂತೆ.

ಕಲ್ಲಿನ ಮೇಲೆ ಕೂಡಿಸಿ, ತಾನೇ ಮಾಡಿದ ಅನ್ನ ಬಡಿಸಿದ. ತಳ ಹೊತ್ತಿತ್ತು, ಮೇಲಿನದು ಬೆಂದಿರಲಿಲ್ಲ. ಒಂದು ತುತ್ತು ಕಲಸಿ ಅವನ ಬಾಯಿಯ ಹತ್ತಿರ ಒಯ್ದೆ.

"ಎಲ್ಲಾರೂ ನೋಡಾಕತ್ತಾರವ್ವ. ನೀ ಉಣ್ಣು, ಹಸದಿರ್ತಿ."

ತುತ್ತನ್ನು ನಾನೇ ನುಂಗಿದೆ. ತಟ್ಟೆ ಬರಿದಾಗುವ ತನಕ ಅವನು ಪಕ್ಕದಲ್ಲೇ ನಿಂತಿದ್ದ.

ಸಂಜೆ ಮನೆಯಲ್ಲಿ ಯಜಮಾನರು ಕೇಳಿದರು: "ಮಗಗ ಉಣಿಸಿ ಬಂದ್ಯಾ?"

"ಉಂಡು ಬಂದೆ," ಎಂದೆ.