ಹದಿನೆಂಟು ಗ್ರಾಮಿನ ಒಲೆ

ತನ್ನ ಮೈಯ ಭಾರ ಇನ್ನು ಇಳಿಯುವುದಿಲ್ಲ ಎಂದು ಖಾತ್ರಿಯಾದ ದಿನದಿಂದ ಗಂಡಸು ಬೆನ್ನಿನ ಚೀಲದ ಭಾರ ಇಳಿಸಲು ತೊಡಗುತ್ತಾನೆ. ನನ್ನ ವಿಷಯದಲ್ಲಂತೂ ಹಾಗೆಯೇ ಆಯಿತು. ಭೂಮಾಪನ ಇಲಾಖೆಯಲ್ಲಿ ಊರವರ ಹೊಲಗಳನ್ನು ಅಳೆದು ನಿವೃತ್ತನಾದ ಮೇಲೆ ನನಗೆ ಅಳೆಯಲು ಏನೂ ಉಳಿಯಲಿಲ್ಲ. ಗುಡ್ಡ ಸುತ್ತುವ ಹವ್ಯಾಸ ಹಿಡಿಯಿತು. ಹಿಂದವಾಡಿಯ ಮನೆಯಲ್ಲಿ ಕುಳಿತು ಟೂತ್‌ಬ್ರಶ್ಶಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಿದೆ. ಟವೆಲ್ಲನ್ನು ಕತ್ತರಿಸಿ ಕರವಸ್ತ್ರ ಮಾಡಿದೆ. ಚೀಲಕ್ಕೆ ಹೊಲಿದಿದ್ದ ಹೆಸರಿನ ಪಟ್ಟಿಯನ್ನೂ ಬ್ಲೇಡಿನಿಂದ ಬಿಡಿಸಿ, ಉಳಿದ ದಾರದ ಎಳೆಗಳನ್ನು ಒಂದೊಂದಾಗಿ ಕಿತ್ತೆ. ಇನ್ನು ತೆಗೆಯಲು ಏನೂ ಇಲ್ಲವೆಂದಾಗ ಕಣ್ಣು ಚೀಲದಲ್ಲಿದ್ದ ಪುಟ್ಟ ಒಲೆಯ ಮೇಲೆ ಬಿತ್ತು. ಆ ಗ್ಯಾಸಿನ ಒಲೆಯನ್ನು ಮುಟ್ಟದೆ ಬಿಟ್ಟಿದ್ದರೆ ಈ ಪ್ರಬಂಧದ ಅಗತ್ಯವೇ ಇರುತ್ತಿರಲಿಲ್ಲ.

ಹೊಸ ಒಲೆ ಮಾಡಿದ ಕ್ರಮ ಹೀಗೆ. ತಂಪು ಪಾನೀಯದ ಖಾಲಿ ಡಬ್ಬಿಯ ತಳವನ್ನು ಎರಡು ಬೆರಳು ಎತ್ತರಕ್ಕೆ ಕತ್ತರಿಸಿಕೊಂಡೆ. ಸುತ್ತಲೂ ದಬ್ಬಳದಿಂದ ಹನ್ನೆರಡು ತೂತು ಹೊಡೆದೆ. ಹದಿಮೂರನೆಯದು ಹೆಬ್ಬೆರಳಿಗೆ ಬಿತ್ತು. ಸೈಕಲ್ಲಿನ ಕಡ್ಡಿಗಳನ್ನು ಮುರಿದು ಬಗ್ಗಿಸಿ, ಪಾತ್ರೆ ಕೂರುವಂತೆ ಮೂರು ಕಾಲು ಮಾಡಿದೆ. ಗಾಳಿಗೆ ಅಡ್ಡವಾಗಿ, ಚಪಾತಿ ಸುತ್ತುವ ಬೆಳ್ಳಿಹಾಳೆ. ಮನೆಯ ತಕ್ಕಡಿ ಇಷ್ಟು ಹಗುರವಾದದ್ದನ್ನು ತೂಗಲು ಒಪ್ಪದ ಕಾರಣ ಖಾಸಬಾಗದಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಒಯ್ದೆ. ಅವರು ಒಲೆಯನ್ನು ಚಿಮಟದಿಂದ ಎತ್ತಿ ತಕ್ಕಡಿಯಲ್ಲಿಟ್ಟು, “ಹದಿನೆಂಟು ಗ್ರಾಂ ಐತ್ರಿ. ಕರಗಸೂದೇನು?” ಎಂದರು. “ಇಲ್ರಿ, ಚಹಾ ಕಾಸೂದು” ಎಂದೆ. ಅವರು ಮತ್ತೇನೂ ಕೇಳದೆ ನನ್ನ ಹಿಂದೆ ನಿಂತಿದ್ದ ಗಿರಾಕಿಯನ್ನು ಕರೆದರು.

ಇಂಥ ಒಲೆಗೆ ಹಾಕುವ ಬಿಳಿಯ ಇಂಧನದ ಬಿಲ್ಲೆಗಳು ಊರಲ್ಲಿ ಸಿಗಲಿಲ್ಲ. ರವಿವಾರ ಪೇಟೆಯ ಒಂದು ಅಂಗಡಿಯಲ್ಲಿ ನಿಂತು ವಿವರವಾಗಿ ಹೇಳಿದೆ: ಬಿಳಿ ಇರಬೇಕು, ಬಿಲ್ಲೆ ಇರಬೇಕು, ಕಡ್ಡಿ ತೋರಿಸಿದರೆ ಹೊತ್ತಬೇಕು, ಬೂದಿ ಉಳಿಯಬಾರದು. ಅಂಗಡಿಯವನು ಸಮಾಧಾನದಿಂದ ಕೇಳಿ, “ಅದಕ್ಕ ಕರ್ಪೂರ ಅಂತಾರ್ರೀ ಸಾಹೇಬ್ರ” ಎಂದು ಒಂದು ಡಬ್ಬಿ ಕೈಗಿಟ್ಟ. ನನಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಹಿತ್ತಲಲ್ಲಿ ಪರೀಕ್ಷೆಗೆಂದು ಹಚ್ಚಿದಾಗ ನನ್ನ ಹೆಂಡತಿ ವಾಸನೆ ಹಿಡಿದು ಒದ್ದೆ ಕೈಯಲ್ಲೇ ಓಡಿ ಬಂದಳು. ಉರಿಯ ಮೇಲೆ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಮೇಲಿದ್ದ ಪಾತ್ರೆ ನೋಡಿದಳು. “ದೇವರ ಮುಂದ ಎಂದೂ ಹಚ್ಚದವ್ರು ಈಗ ಚಹಾಕ್ಕ ಆರತಿ ಮಾಡಾಕತ್ತೀರೇನ್ರಿ?” ಆದರೂ ಎಂಟು ಬಿಲ್ಲೆಗೆ ನೀರು ಕುದಿಯಿತು. ಪಾತ್ರೆಯ ತಳ ಕಾಡಿಗೆಯಂತೆ ಕಪ್ಪಾಗಿತ್ತು. ಹಿತ್ತಲಲ್ಲಿ ಅಂದು ಗಾಳಿ ಇರಲಿಲ್ಲ ಎಂಬುದನ್ನು ಮಾತ್ರ ನಾನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ.

ಈಗ ಭರಮಣ್ಣನ ವಿಷಯ. ಕಾಳಿನ ವ್ಯಾಪಾರಿ, ಜೈನ, ನನ್ನ ಸಾಲೆಯ ಗೆಳೆಯ. ಹೊತ್ತು ಮುಳುಗಿದ ಮೇಲೆ ಮರುದಿನ ಹೊತ್ತು ಏಳುವ ತನಕ ಒಂದು ಗುಟುಕು ನೀರನ್ನೂ ಮುಟ್ಟುವವನಲ್ಲ. ಸಂಜೆಯ ಚಹಾ ಅವನಿಗೆ ಆ ದಿನದ ಕೊನೆಯ ಚಹಾ. ಅದು ತಪ್ಪಿದರೆ ರಾತ್ರಿಯಿಡೀ ತಲೆನೋವು. ಅದಕ್ಕೇ ಎಲ್ಲಿಗೆ ಹೋದರೂ ಫ್ಲಾಸ್ಕಿನಲ್ಲಿ ಚಹಾ ಹೊತ್ತು ತರುತ್ತಾನೆ. ಖಾನಾಪುರದ ಕಡೆ ಎರಡು ದಿನ ನಡೆಯಲು ಹೊರಟಾಗ ಆ ಫ್ಲಾಸ್ಕನ್ನು ಎತ್ತಿ ನೋಡಿ, “ಇದು ಒಂದು ಕಿಲೋ ಮ್ಯಾಲ ಐತಿ, ಮನ್ಯಾಗ ಇಡು. ನನ್ನ ಒಲಿ ಹದಿನೆಂಟು ಗ್ರಾಂ. ಹೊತ್ತು ಮುಳಗೂದ್ರಾಗ ಬಿಸಿ ಬಿಸಿ ಚಹಾ, ನನ್ನ ಜವಾಬ್ದಾರಿ” ಎಂದವನು ನಾನೇ. “ನೀ ಹೇಳಿದ್ರ ಅಳತಿ ತಪ್ಪಂಗಿಲ್ಲ ಬಿಡು” ಎಂದು ಅವನು ಫ್ಲಾಸ್ಕನ್ನು ಮನೆಯಲ್ಲಿ ಬಿಟ್ಟ.

ದಿನವಿಡೀ ನಡೆದು, ಕಾಡು ದಾಟಿ, ಹಳ್ಳಿಯ ಅಂಚಿನ ಹೊಲಕ್ಕೆ ಬಂದಾಗ ಸೂರ್ಯ ಪಡುವಣದ ಗುಡ್ಡದಿಂದ ನಾಲ್ಕು ಬೆರಳು ಮೇಲಿದ್ದ. ಬದುವಿನ ಮೇಲೆ ಒಂದು ಎತ್ತರದ ಕಲ್ಲು ನಿಂತಿತ್ತು. ಗಾಳಿಗೆ ಮರೆಯಾಗಲೆಂದು ಅದರ ಬುಡದಲ್ಲಿ ಒಲೆ ಹೂಡಿ, ಪಾತ್ರೆಯಿಟ್ಟು ಕರ್ಪೂರ ಹಚ್ಚಿದೆ. ಭರಮಣ್ಣ ಬೂಟು ಬಿಚ್ಚಿ, ಗುಡ್ಡಕ್ಕೆ ಬೆನ್ನು ಮಾಡಿ, ಪಾತ್ರೆಯನ್ನೇ ನೋಡುತ್ತ ಕುಳಿತ. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ಬಂದಳು. ಕಲ್ಲು, ಅದರ ಮುಂದೆ ಉರಿಯುವ ಕರ್ಪೂರ, ಅದರ ಮುಂದೆ ಮಂಡಿಯೂರಿದ ನಾನು. ಹೊರೆ ಇಳಿಸಿಬಿಟ್ಟಳು. “ಅಗ ಬಾಯಿ! ಇಷ್ಟ ವರ್ಸ ಈ ಕಲ್ಲಿನ ಬಾಜೂಕ ಓಡ್ಯಾಡೀನಿ, ದೇವ್ರಂತ ಗೊತ್ತಾಗಿರಲಿಲ್ಲ. ಯಾವ ದೇವ್ರರೀ?”

“ಚಹಾದ ದೇವ್ರು ಆಯಿ. ಇನ್ನೂ ಒಲದಿಲ್ಲ” ಎಂದ ಭರಮಣ್ಣ.

ಅವಳು ತುರುಬಿನ ಹೂವು ತೆಗೆದು ಕಲ್ಲಿನ ಮೇಲಿಟ್ಟಳು. ಉರಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡಳು. ಅಭ್ಯಾಸಬಲ ನೋಡಿ, ನಾನೂ ಒತ್ತಿಕೊಂಡೆ. ಆ ಗಳಿಗೆಗೇ ಬೆಳ್ಳಿಹಾಳೆ ಹಾರಿತು. ಉರಿ ಪಾತ್ರೆಯ ತಳ ಬಿಟ್ಟು ಅಡ್ಡಡ್ಡ ಮಲಗಿತು. ಇನ್ನೂ ಆರು ಬಿಲ್ಲೆ ಸುರಿದೆ. ಕಪ್ಪು ಮಸಿ ಎಳೆಎಳೆಯಾಗಿ ಉದುರತೊಡಗಿತು. ಸಿಟ್ಟಿನಿಂದ ಉರಿಯನ್ನು ಊದಿ ನೆಟ್ಟಗೆ ಮಾಡಲು ಬಗ್ಗಿದರೆ, “ಆರತಿ ಬಾಯಿಲೆ ಊದತಾರೇನ್ರಿ?” ಎಂದು ಆಯಿ ಗದರಿದಳು. ನಾನು ಬಗ್ಗಿದಲ್ಲೇ ನಿಂತೆ. ಹೊಗೆಯೆಲ್ಲ ಕಣ್ಣಿಗೆ ಹೊಕ್ಕಿತು. ಕರ್ಪೂರ ಮುಗಿಯಿತು. ನೀರಿನಲ್ಲಿ ಬೆರಳು ಅದ್ದಿದೆ. ಕೂಸಿಗೆ ಎರೆಯುವಷ್ಟು ಬೆಚ್ಚಗಿತ್ತು.

“ಖರೇನ ಚಹಾ ಕಾಸಾಕತ್ತೀರೇನು? ಮದ್ಲ ಹೇಳಬಾರದ? ಕೊಡ್ರಿ ಇಲ್ಲೆ” ಎಂದು ಆಯಿ ಪಾತ್ರೆ ಕಸಿದುಕೊಂಡು ತನ್ನ ಮನೆಗೆ ನಡೆದಳು. ಬದುವಿನಿಂದ ಅವಳ ಬಾಗಿಲಿಗೆ ನಲವತ್ತೆರಡು ಹೆಜ್ಜೆ. ನಾನು ಎಣಿಸಿದೆ, ಬೇರೆ ಏನು ಮಾಡುವುದೆಂದು ತೋಚಲಿಲ್ಲ. ಅವಳು ಕುದಿಯುವ ಚಹಾದ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದು ಭರಮಣ್ಣನ ಕೈಗಿಟ್ಟು, ಹೊರೆ ಎತ್ತಿಕೊಂಡು ಹೋದಳು. ಭರಮಣ್ಣ ಲೋಟವನ್ನು ತುಟಿಯವರೆಗೆ ತಂದು ನಿಲ್ಲಿಸಿದ.

“ಹೊತ್ತು ಮುಳುಗೇತೇನ ನೋಡು.”

ನಾನು ಪಡುವಣಕ್ಕೆ ತಿರುಗಿದೆ. ಎರಡೂ ಕಣ್ಣಲ್ಲಿ ಉರಿ, ನೀರು. ಗುಡ್ಡ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ಕೆಂಪಗೆ, ದುಂಡಗೆ ಏನೋ ಒಂದು ಕಂಡಿತು. ಅನುಮಾನ ಬಂದು ಕಣ್ಣು ಮುಚ್ಚಿದೆ. ಮುಚ್ಚಿದರೂ ಕಂಡಿತು.

“ಕಾಣಸ್ತೈತಿ” ಎಂದೆ.

ಭರಮಣ್ಣ ಗುಟುಕು ಗುಟುಕಾಗಿ, ಅವಸರವಿಲ್ಲದೆ, ತಳದ ಸಕ್ಕರೆಯ ತನಕ ಕುಡಿದ. ಲೋಟ ಕೆಳಗಿಟ್ಟು, “ಪಾಪ ಬಂದ್ರ ನೋಡಿ ಹೇಳಿದಾವಗ ಬರತೈತಿ, ಕುಡದಾವಗಲ್ಲ” ಎಂದ. ಅವನು ಒಮ್ಮೆ ಕುತ್ತಿಗೆ ತಿರುಗಿಸಿದ್ದರೆ ಅವನಿಗೇ ಎಲ್ಲ ಕಾಣುತ್ತಿತ್ತು. ತಿರುಗಿಸಲಿಲ್ಲ. ಯಾಕೆ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಕಣ್ಣು ಮುಚ್ಚಿಕೊಂಡು ಸಾಕ್ಷಿ ಹೇಳಿದವನಿಗೆ ಅಂಥ ಧೈರ್ಯ ಎಲ್ಲಿಂದ ಬರಬೇಕು?